ಬರೋಡದ ಶಿಷ್ಯವೇತನ: ಮಹಾರಾಜ ಸಯಾಜಿರಾವ್ ಗಾಯಕವಾಡ

ಸಾವಿರಾರು ಶಾಲೆಗಳನ್ನು ತೆರೆದ ಬರೋಡದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಹನ್ನೆರಡನೆಯ ವಯಸ್ಸಿನವರೆಗೆ ಸ್ವತಃ ಅಕ್ಷರ ಕಲಿತಿರಲಿಲ್ಲ. 1863ರ ಮಾರ್ಚ್ 11ರಂದು ನಾಸಿಕ ಜಿಲ್ಲೆಯ ಕವಳಾಣೆ ಎಂಬ ಹಳ್ಳಿಯಲ್ಲಿ, ಗಾಯಕವಾಡ ವಂಶದ ಬಡ ಕವಲೊಂದರ ರೈತ ಮನೆತನದಲ್ಲಿ ಅವರು ಜನಿಸಿದರು. ಹುಟ್ಟುಹೆಸರು ಗೋಪಾಳರಾವ್. 1875ರಲ್ಲಿ ಬ್ರಿಟಿಷರು ಮಲ್ಹಾರರಾವ್ ಗಾಯಕವಾಡರನ್ನು ಪದಚ್ಯುತಗೊಳಿಸಿದಾಗ, ದಿವಂಗತ ಖಂಡೇರಾಯರ ರಾಣಿ ಜಮನಾಬಾಯಿಯವರು ಈ ಹುಡುಗನನ್ನು ದತ್ತು ಪಡೆದರು. ದಿವಾನ್ ಟಿ. ಮಾಧವರಾಯರು ಆಡಳಿತ ನೋಡಿಕೊಂಡರು. ಎಲಿಯಟ್ ಎಂಬ ಆಂಗ್ಲ ಶಿಕ್ಷಕರು ಪಾಠ ಹೇಳಿದರು. 1881ರ ಡಿಸೆಂಬರಿನಲ್ಲಿ, ಹದಿನೆಂಟರ ಹರೆಯದಲ್ಲಿ, ರಾಜ್ಯಾಧಿಕಾರ ಅವರ ಕೈಗೆ ಬಂದಿತು.

ಅಧಿಕಾರ ಸಿಕ್ಕ ಒಂದೆರಡು ವರ್ಷಗಳಲ್ಲೇ ಅಸ್ಪೃಶ್ಯರೆನಿಸಿದ್ದ ಸಮುದಾಯಗಳ ಮಕ್ಕಳಿಗೆ ಸರಕಾರಿ ಶಾಲೆಗಳು ಆರಂಭವಾದವು. ಸವರ್ಣ ಹಿಂದೂ ಉಪಾಧ್ಯಾಯರು ಅಲ್ಲಿ ಕಲಿಸಲು ಒಪ್ಪಲಿಲ್ಲ. ಮುಸಲ್ಮಾನ ಉಪಾಧ್ಯಾಯರನ್ನು ನೇಮಿಸಬೇಕಾಯಿತು. ಅರಸನ ಆಜ್ಞೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಆಗಲೇ ತಿಳಿದಿತ್ತು. ಮುಂದೆ ಪಂಜಾಬಿನಿಂದ ಆರ್ಯಸಮಾಜದ ಪಂಡಿತ ಆತ್ಮಾರಾಮರನ್ನು ಕರೆಸಿ ಈ ಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ಅವರಿಗೆ ಒಪ್ಪಿಸಲಾಯಿತು. 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಪ್ರಯೋಗವಾಗಿ, 1906ರಲ್ಲಿ ಇಡೀ ಸಂಸ್ಥಾನದಲ್ಲಿ, ಕಡ್ಡಾಯ ಉಚಿತ ಪ್ರಾಥಮಿಕ ಶಿಕ್ಷಣ ಜಾರಿಗೆ ಬಂದಿತು. ಬ್ರಿಟಿಷ್ ಇಂಡಿಯಾದಲ್ಲಿ ಗೋಖಲೆಯವರು ಇಂಥದೇ ಮಸೂದೆ ತಂದಾಗ ಅದು ಬಿದ್ದುಹೋಯಿತೆಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ಗ್ರಂಥಾಲಯಗಳು, ಬ್ಯಾಂಕು, ಸಂಗೀತಶಾಲೆ ಮೊದಲಾದವುಗಳ ಕಥೆ ದೊಡ್ಡದು. ಅದು ಬೇರೆಯೇ ಲೇಖನದ ವಸ್ತು.

ಪ್ರಾಥಮಿಕ ಶಾಲೆಗೆ ಸೇರಿಸುವುದು ಒಂದು ಮಾತು, ವಿಶ್ವವಿದ್ಯಾಲಯದವರೆಗೆ ಕೈಹಿಡಿದು ನಡೆಸುವುದು ಇನ್ನೊಂದು. ಎರಡನೆಯದನ್ನು ಆ ಕಾಲದಲ್ಲಿ ಮಾಡಿದವರು ಬಹಳ ವಿರಳ. ಮಹಾರಾಜರ ನೆರವು ಪಡೆದವರಲ್ಲಿ ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜೀ ಶಿಂದೆಯವರೂ ಒಬ್ಬರು. ಅವರು ದಲಿತರಲ್ಲ, ಮರಾಠರು. ಆದರೆ ಆಕ್ಸ್‌ಫರ್ಡಿನಲ್ಲಿ ಓದಿ ಬಂದು 1906ರಲ್ಲಿ ಮುಂಬಯಿಯಲ್ಲಿ ನಿಮ್ನವರ್ಗಗಳ ಉದ್ಧಾರಕ್ಕಾಗಿ ಮಿಷನ್ ಒಂದನ್ನು ಸ್ಥಾಪಿಸಿ, ಬದುಕನ್ನೇ ಆ ಕೆಲಸಕ್ಕೆ ಕೊಟ್ಟರು.

ಭೀಮರಾವ್ ಅಂಬೇಡ್ಕರರಿಗೆ ಕಾಲೇಜು ಶಿಕ್ಷಣ ಮುಂದುವರಿಸಲು ತಿಂಗಳಿಗೆ 25 ರೂಪಾಯಿಯ ಬರೋಡ ಶಿಷ್ಯವೇತನ ದೊರೆತದ್ದು, ಮರಾಠಿ ಲೇಖಕ ಕೃಷ್ಣಾಜಿ ಅರ್ಜುನ ಕೇಳೂಸ್ಕರರು ಮಹಾರಾಜರ ಬಳಿ ಶಿಫಾರಸು ಮಾಡಿದ್ದರಿಂದ. 1912ರಲ್ಲಿ ಪದವಿ ಮುಗಿಸಿ ಬರೋಡದ ಸೇವೆಗೆ ಸೇರಿದರೂ, 1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡು ಅವರು ಮುಂಬಯಿಗೆ ಮರಳಬೇಕಾಯಿತು. ಅದೇ ವರ್ಷ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಗಳ ಶಿಷ್ಯವೇತನ ಮಂಜೂರಾಯಿತು. ಪ್ರತಿಯಾಗಿ ಹತ್ತು ವರ್ಷ ಬರೋಡ ಸಂಸ್ಥಾನದಲ್ಲಿ ದುಡಿಯುವ ಕರಾರಿಗೆ ಸಹಿ ಬಿತ್ತು. ಇದನ್ನು ಬರಿಯ ದಾನವೆಂದು ತಿಳಿಯಬಾರದು. ಮಹಾರಾಜರಿಗೆ ಓದಿದ ಅಧಿಕಾರಿಗಳು ಬೇಕಾಗಿದ್ದರು. ಆ ಅಧಿಕಾರಿ ಯಾವ ಜಾತಿಯವನಾದರೂ ಆಗಬಹುದೆಂದು ಅವರು ನಂಬಿದ್ದರು. ನನ್ನ ದೃಷ್ಟಿಯಲ್ಲಿ ಇದು ದಾನಕ್ಕಿಂತ ಹೆಚ್ಚಿನದು.

ಕೊಲಂಬಿಯಾದಲ್ಲಿ ಎಂ.ಎ. ಮುಗಿಸಿ, 1916ರಲ್ಲಿ ಲಂಡನ್ನಿಗೆ ತೆರಳಿದ್ದ ಅಂಬೇಡ್ಕರರು ಶಿಷ್ಯವೇತನದ ಅವಧಿ ತೀರಿದ್ದರಿಂದ 1917ರಲ್ಲಿ ಮರಳಿ, ಕರಾರಿನಂತೆ ಬರೋಡಕ್ಕೆ ಹೋದರು. ಮಹಾಲೇಖಪಾಲರ ಕಛೇರಿಯಲ್ಲಿ ಪ್ರೊಬೇಷನರ್ ಹುದ್ದೆ, ಸಂಬಳ 150 ರೂಪಾಯಿ. ಆದರೆ ಊರಿನಲ್ಲಿ ತಂಗಲು ಕೋಣೆಯಿಲ್ಲ. ಹಿಂದೂ ಹೋಟೆಲುಗಳಲ್ಲಿ ಮಹಾರ್ ಜಾತಿಯವರಿಗೆ ಪ್ರವೇಶವಿರಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹವೊಂದರಲ್ಲಿ ದಿನಕ್ಕೆ ಒಂದೂವರೆ ರೂಪಾಯಿ ತೆತ್ತು ಉಳಿದರು. ಸರಕಾರಿ ಬಂಗಲೆಗಾಗಿ ಕೊಟ್ಟ ಅರ್ಜಿ ಅಧಿಕಾರಿಯಿಂದ ಅಧಿಕಾರಿಗೆ ಅಲೆಯುತ್ತಲೇ ಇತ್ತು. ಹನ್ನೊಂದನೆಯ ದಿನ ಬೆಳಗ್ಗೆ ಹತ್ತಾರು ಪಾರ್ಸಿಗಳು ದೊಣ್ಣೆ ಹಿಡಿದು ಬಂದು ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದರು. ಒಬ್ಬ ಹಿಂದೂ ಸ್ನೇಹಿತ, ಒಬ್ಬ ಕ್ರೈಸ್ತ ಸ್ನೇಹಿತ, ಇಬ್ಬರೂ ಮನೆಗೆ ಸೇರಿಸಿಕೊಳ್ಳಲು ಹಿಂಜರಿದರು. ಸಾರ್ವಜನಿಕ ಉದ್ಯಾನದಲ್ಲಿ ಗಂಟೆಗಟ್ಟಲೆ ಕಳೆದು, ರಾತ್ರಿಯ ರೈಲಿನಲ್ಲಿ ಅವರು ಮುಂಬಯಿಗೆ ಹೊರಟುಹೋದರು. ಹತ್ತು ವರ್ಷದ ಕರಾರು ಹನ್ನೊಂದು ದಿನಗಳಲ್ಲಿ ಮುರಿದುಬಿತ್ತು.

ವೈದ್ಯನಾದ ನನಗೆ ಈ ಘಟ್ಟ ಪರಿಚಿತವೆನಿಸುತ್ತದೆ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿರುತ್ತದೆ. ಆಸ್ಪತ್ರೆಯಿಂದ ಹೊರಟ ರೋಗಿಗೆ ಹೋಗಲು ಮನೆಯೇ ಇರುವುದಿಲ್ಲ, ಅದನ್ನು ಯಾರೂ ಕೇಳಿರುವುದಿಲ್ಲ. ಸಾಗರದಾಚೆಯ ಓದಿಗೆ ಮೂರು ವರ್ಷ ತಪ್ಪದೆ ಹಣ ಕಳಿಸಿದ ಆಡಳಿತಕ್ಕೆ, ತನ್ನದೇ ರಾಜಧಾನಿಯಲ್ಲಿ ಒಂದು ಕೋಣೆ ಒದಗಿಸಲಾಗಲಿಲ್ಲ. ಇಲ್ಲಿ ಕುಳಿತು ಊರಿನ ಮಕ್ಕಳ ಕಾಲೇಜು ಶುಲ್ಕ ಕಟ್ಟುವ ನಮ್ಮಂಥವರು ಸಯಾಜಿರಾಯರ ಚರಿತ್ರೆಯಲ್ಲಿ ಕೊಲಂಬಿಯಾದ ಪುಟದಷ್ಟೇ ನಿಧಾನವಾಗಿ ಓದಬೇಕಾದ ಪುಟ ಇದು.

ಅರ್ಧಕ್ಕೆ ನಿಂತ ಲಂಡನ್ ವ್ಯಾಸಂಗಕ್ಕೆ 1920ರಲ್ಲಿ ನೆರವಾದವರು ಕೊಲ್ಹಾಪುರದ ಶಾಹೂ ಮಹಾರಾಜರು. ಅವರು ಎಳೆವಯಸ್ಸಿನಲ್ಲಿ ಕೆಲವು ವರ್ಷ ಓದಿದ್ದು ನಮ್ಮ ಧಾರವಾಡದಲ್ಲಿ.

ಸಯಾಜಿರಾಯರು ಆರೋಗ್ಯದ ಕಾರಣದಿಂದ ಮತ್ತೆ ಮತ್ತೆ ಯುರೋಪಿನಲ್ಲಿ ತಂಗುತ್ತಿದ್ದರು. ಅರಸ ದೂರವಿದ್ದಾಗ ಅಧಿಕಾರಿವರ್ಗದ ಹಳೆಯ ಅಭ್ಯಾಸಗಳು ಬಲಗೊಳ್ಳುವುದು ಸಹಜ. ಐವತ್ತೇಳು ವರ್ಷ ಆಳಿ, 1939ರ ಫೆಬ್ರವರಿ 6ರಂದು ಮುಂಬಯಿಯಲ್ಲಿ ನಿಧನರಾದರು. ಅದಕ್ಕೂ ಮೊದಲು, 1925ರಲ್ಲಿ, ಅಂಬೇಡ್ಕರರ ಕೊಲಂಬಿಯಾ ಪ್ರಬಂಧ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದಿತ್ತು. ಬ್ರಿಟಿಷ್ ಇಂಡಿಯಾದ ಪ್ರಾಂತೀಯ ಹಣಕಾಸಿನ ಬೆಳವಣಿಗೆ ಅದರ ವಸ್ತು. ಆ ರಾತ್ರಿಯ ರೈಲು ಹತ್ತಿ ಎಂಟು ವರ್ಷಗಳಾಗಿದ್ದವು. ತನ್ನ ವಿದ್ಯಾಭ್ಯಾಸಕ್ಕೆ ದೊರೆತ ಸಹಾಯಕ್ಕೆ ಕೃತಜ್ಞತೆಯಾಗಿ ಅವರು ಆ ಗ್ರಂಥವನ್ನು ಬರೋಡದ ಮಹಾರಾಜರಿಗೇ ಅರ್ಪಿಸಿದ್ದಾರೆ.