ಲುನೆಲ್ಲೆಯ ಕೊನೆಯ ಚಾರಣ

ಟ್ಯೂರಿನ್ ನಗರವೆಂದೊಡನೆ ನಮ್ಮ ಕುಟುಂಬಗಳ ಹಿರಿಯರಿಗೆ ನೆನಪಾಗುವುದು ಪವಿತ್ರ ಶವವಸ್ತ್ರ ಮತ್ತು ಸಂತ ಜಾನ್ ಬೋಸ್ಕೊ. ಅದೇ ನಗರದ ಪ್ರಧಾನಾಲಯದಲ್ಲಿ ಬೆಟ್ಟ ಹತ್ತುವುದರಲ್ಲಿ ಆನಂದ ಕಾಣುತ್ತಿದ್ದ 24 ವರ್ಷದ ಯುವಕನೊಬ್ಬನ ಸಮಾಧಿಯಿದೆ. 1990ರ ಮೇ 20ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಪುನೀತನೆಂದೂ, 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೊರವರು ಸಂತನೆಂದೂ ಘೋಷಿಸಿದ ಪಿಯೆರ್ ಜಾರ್ಜೊ ಫ್ರಸ್ಸಾತಿಯೇ ಆತ.

1901ರ ಏಪ್ರಿಲ್ 6ರಂದು, ಪಾಸ್ಖ ಹಬ್ಬದ ಮುನ್ನಾದಿನ, ಆತನು ಜನಿಸಿದನು. ತಂದೆ ಆಲ್ಫ್ರೆಡೊ 'ಲಾ ಸ್ಟಾಂಪಾ' ದಿನಪತ್ರಿಕೆಯ ಒಡೆಯರು, ಸೆನೆಟ್ ಸದಸ್ಯರು, ಕೆಲಕಾಲ ಜರ್ಮನಿಯಲ್ಲಿ ಇಟಲಿಯ ರಾಯಭಾರಿ; ದೇವಾಲಯದಿಂದ ದೂರವೇ ಉಳಿದವರು. ತಾಯಿ ಚಿತ್ರಕಲಾವಿದೆ. ಸಿರಿವಂತಿಕೆಯಿದ್ದ ಮನೆಯಲ್ಲಿ ದಂಪತಿಗಳ ಸಾಮರಸ್ಯವಿರಲಿಲ್ಲ. ಗಣಿ ಕಾರ್ಮಿಕರ ನಡುವೆ ಬಾಳಬೇಕೆಂದು ಮಗನು ಗಣಿ ಎಂಜಿನಿಯರಿಂಗ್ ಓದಿಗೆ ಸೇರಿದನು. ಓದು ನಿಧಾನವಾಗಿ ಸಾಗಿತು. ಹೊತ್ತಿಗೆ ಸರಿಯಾಗಿ ಊಟಕ್ಕೆ ಬಾರದ, ರಜೆ ಸಿಕ್ಕರೆ ಬೆಟ್ಟಕ್ಕೆ ಓಡುವ ಹುಡುಗನೆಂದೇ ಮನೆಯವರು ಆತನನ್ನು ತಿಳಿದಿದ್ದರು.

ಬೆಟ್ಟಕ್ಕೆ ಓಡುತ್ತಿದ್ದುದು ನಿಜವೇ. 1924ರಲ್ಲಿ ಗೆಳೆಯ ಗೆಳತಿಯರನ್ನು ಸೇರಿಸಿ ತಂಡವೊಂದನ್ನು ಕಟ್ಟಿ, ಅದಕ್ಕೆ ಪುಂಡರ ಕೂಟವೆಂಬ ಅರ್ಥ ಬರುವ ಹೆಸರನ್ನಿಟ್ಟು ನಕ್ಕವನು ಆತನೇ. ತಾಳತಪ್ಪಿದ ಗಟ್ಟಿ ಕಂಠದಲ್ಲಿ ಹಾಡುವನು. ದಾರಿಯಲ್ಲಿ ಜಪಸರ ಹಿಡಿಯುವನು. ಬಲಿಪೂಜೆ ತಪ್ಪುವಂತಿದ್ದರೆ ಬೆಟ್ಟಕ್ಕೆ ಹೊರಡನು. ಗುರುಮಠದಲ್ಲಿ ನಾವು ತತ್ತ್ವಶಾಸ್ತ್ರ ಓದುವಾಗ, ಸದ್ಗುಣವು ರೂಢಿಯಿಂದ ನೆಲೆಗೊಳ್ಳುವುದೆಂದೂ ಅದರ ಗುರುತು ಮಾಡುವ ಕಾರ್ಯದಲ್ಲಿ ತೋರುವ ಸಂತೋಷವೆಂದೂ ಅರಿಸ್ಟಾಟಲನ ಪಾಠವಿತ್ತು. ಅಂದು ಅದು ನಮಗೆ ಪರೀಕ್ಷೆಯ ಉತ್ತರವಾಗಿತ್ತು, ಅಷ್ಟೇ. ಈ ಯುವಕನ ಚರಿತ್ರೆಯನ್ನು ಓದಿದ ಮೇಲೆ ಅದರ ಅರ್ಥ ಸ್ವಲ್ಪ ತಿಳಿಯಿತು.

ಏಕೆಂದರೆ ಆತನು ಹತ್ತುತ್ತಿದ್ದುದು ಬೆಟ್ಟಗಳನ್ನು ಮಾತ್ರವಲ್ಲ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯನಾಗಿ, ಟ್ಯೂರಿನಿನ ಬಡವರು ವಾಸವಿದ್ದ ಅಟ್ಟದ ಕೋಣೆಗಳಿಗೆ ಕತ್ತಲೆಯ ಮೆಟ್ಟಿಲುಗಳನ್ನೇರಿ ಅಕ್ಕಿಬೇಳೆ, ಔಷಧಿ ಮುಟ್ಟಿಸುತ್ತಿದ್ದನು. ಬಂಡಿಯ ಕಾಸನ್ನು ಯಾರಿಗಾದರೂ ಕೊಟ್ಟು ತಾನು ಊಟದ ಹೊತ್ತಿಗೆ ಮನೆಗೆ ಓಡಿ ಬರುತ್ತಿದ್ದನು. ತಡವಾದುದಕ್ಕೆ ಬೈಗುಳ ಕೇಳಿಯೂ ಕಾರಣ ಹೇಳುತ್ತಿರಲಿಲ್ಲ. ತಂಡದ ಯುವತಿಯೊಬ್ಬಳ ಮೇಲೆ ಮೂಡಿದ ಪ್ರೀತಿಯನ್ನೂ, ಮನೆಯವರು ಒಪ್ಪರೆಂದು ತಿಳಿದು, ಆಕೆಗೂ ಹೇಳದೆ ನುಂಗಿಕೊಂಡನು. ಮಗನು ಪತ್ರಿಕೆಯ ಕಚೇರಿಗೇ ಬರಲೆಂದು ತಂದೆ ಬಯಸಿದಾಗ ಗಣಿಯ ಕನಸನ್ನೂ ಬಿಟ್ಟನು. ಇಷ್ಟು ವಿಧೇಯತೆ ಸರಿಯೇ? ನಮಗೆ ಇಂದಿಗೂ ಖಚಿತವಿಲ್ಲ.

1925ರ ಜೂನ್ 7, ಪರಮ ತ್ರಿತ್ವದ ಭಾನುವಾರ. ಗೆಳೆಯರೊಂದಿಗೆ ಒಂದು ದಿನದ ಮಟ್ಟಿಗೆ ಲಾಂಜೊ ಕಣಿವೆಯ ಲುನೆಲ್ಲೆ ಬಂಡೆಗಳಿಗೆ ಹೋದನು. ಅಂದು ತೆಗೆದ ಛಾಯಾಚಿತ್ರದಲ್ಲಿ ಆತನು ಕಲ್ಲಿಗೆ ಆತುಕೊಂಡು ಮೇಲಕ್ಕೆ ನೋಡುತ್ತಿದ್ದಾನೆ. ಅದೇ ಕೊನೆಯ ಆರೋಹಣ.

ತಿಂಗಳ ಕೊನೆಗೆ ಮೈಕೈ ನೋವು, ಜ್ವರ. ಮನೆಯಲ್ಲಿ ಅಜ್ಜಿ ಮರಣಶಯ್ಯೆಯಲ್ಲಿದ್ದುದರಿಂದ ಆತನ ಕಾಯಿಲೆಯನ್ನು ಯಾರೂ ಗಮನಿಸಲಿಲ್ಲ. ಜುಲೈ 1ರಂದು ಅಜ್ಜಿ ತೀರಿಕೊಂಡರು. ಅವರ ಅಂತ್ಯಕ್ರಿಯೆಗೆ ಏಳಲಾರದ ಮೊಮ್ಮಗನಿಗೆ ಆಕ್ಷೇಪಣೆಯ ಮಾತೇ ದೊರೆಯಿತು. ಅದು ಪೋಲಿಯೋ ಎಂದು ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು. ಜುಲೈ 3ರಂದು, ಸ್ವಾಧೀನ ತಪ್ಪುತ್ತಿದ್ದ ಕೈಯಿಂದ ಗೆಳೆಯನಿಗೊಂದು ಚೀಟಿ ಬರೆದನು: ಬಡ ರೋಗಿಯೊಬ್ಬನಿಗೆ ಸೇರಬೇಕಾದ ಚುಚ್ಚುಮದ್ದಿನ ವಿಚಾರ, ಮತ್ತೊಬ್ಬನ ಗಿರವಿ ಚೀಟಿಯನ್ನು ನವೀಕರಿಸುವ ವಿಚಾರ. ಮರುದಿನ ಸಂಜೆ ಪ್ರಾಣ ಬಿಟ್ಟನು.

ಅಂತ್ಯಕ್ರಿಯೆಗೆ ಊರಿನ ಗಣ್ಯರು ಬರುವರೆಂದು ಮನೆಯವರು ಎಣಿಸಿದ್ದರು. ಬೀದಿ ತುಂಬ ನಿಂತವರು ಬಡವರು. ಅವರಲ್ಲಿ ಅನೇಕರಿಗೆ, ತಮ್ಮ ಮೆಟ್ಟಿಲೇರಿ ಬರುತ್ತಿದ್ದವನು ಫ್ರಸ್ಸಾತಿಯವರ ಮಗನೆಂದು ಅಂದೇ ತಿಳಿಯಿತು. ಇಷ್ಟು ಜನರು ಯಾರೆಂದು ತಂದೆತಾಯಿಗಳಿಗೂ ತಿಳಿದಿರಲಿಲ್ಲ.