ರವೀಂದ್ರನಾಥ ಠಾಕೂರರು ಮತ್ತು ಸುರುಲ್ ಗ್ರಾಮ

ಬೋಧನಾಭ್ಯಾಸಕ್ಕಾಗಿ ಶಾಲೆಗಳಿಗೆ ಹೊರಡುವ ಮುನ್ನ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ನಾನು ಪ್ರತಿ ವರ್ಷ ಒಬ್ಬರ ಜೀವನವನ್ನು ಹೇಳುವುದುಂಟು. ಅವರು ರವೀಂದ್ರನಾಥ ಠಾಕೂರರು. ರಾಷ್ಟ್ರಗೀತೆಯ ಕವಿಯೆಂದು, ನೊಬೆಲ್ ಪುರಸ್ಕೃತರೆಂದು ಅವರು ಎಲ್ಲರಿಗೂ ಗೊತ್ತು. ಶಾಂತಿನಿಕೇತನದ ಮರದಡಿಯ ತರಗತಿಗಳ ಬಗ್ಗೆ ನಮ್ಮವರು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತಾರೆ. ಆದರೆ ಒಂದು ವಿದ್ಯಾಸಂಸ್ಥೆ ತನ್ನ ನೆರೆಯ ಹಳ್ಳಿಗಳೊಡನೆ ಹೇಗೆ ಬಾಳಬೇಕು ಎಂಬ ಪ್ರಶ್ನೆಯನ್ನು ಅವರು ದಶಕಗಳ ಕಾಲ ಹೊತ್ತುಕೊಂಡಿದ್ದರು ಎಂಬುದು ಆ ಉತ್ತರಗಳಲ್ಲಿ ಬರುವುದಿಲ್ಲ. ಶಾಲೆಗೆ ಹೊರಟವರಿಗೆ ತಿಳಿದಿರಬೇಕಾದದ್ದು ಅದೇ ಎಂದು ನನ್ನ ಭಾವನೆ.

ರವೀಂದ್ರರು ಹುಟ್ಟಿದ್ದು 1861ರ ಮೇ 7ರಂದು, ಕಲ್ಕತ್ತೆಯ ಜೋಡಾಸಾಂಕೊದ ಶ್ರೀಮಂತ ಮನೆತನದಲ್ಲಿ. ಶಾಲೆಯ ನಾಲ್ಕು ಗೋಡೆ ಅವರಿಗೆ ಹಿಡಿಸಲಿಲ್ಲ. ಇಂಗ್ಲೆಂಡಿಗೆ ಓದಲು ಹೋದರೂ ಪದವಿ ಇಲ್ಲದೆ ಮರಳಿದರು. ಮೂವತ್ತರ ಆಸುಪಾಸಿನಲ್ಲಿ ಮನೆತನದ ಜಮೀನ್ದಾರಿಯ ಹೊಣೆ ಅವರ ಹೆಗಲಿಗೆ ಬಿತ್ತು. ಇಂದು ಬಾಂಗ್ಲಾದೇಶದಲ್ಲಿರುವ ಶಿಲಾಯಿದಹ, ಪತಿಸರ ಮೊದಲಾದ ಕಡೆ ದೋಣಿಯಲ್ಲಿ ಸುತ್ತುತ್ತಾ, ರೈತರ ಅಹವಾಲು ಕೇಳುತ್ತಾ ಹಲವು ವರ್ಷ ಕಳೆದರು. ನಗರದ ಕವಿಗೆ ಹಳ್ಳಿಯ ಪಾಠ ಸಿಕ್ಕಿದ್ದು ಅಲ್ಲಿ.

ಆ ಪಾಠ ಸುಲಭದ್ದಾಗಿರಲಿಲ್ಲ. ನೀರಿಗೆ ಕಷ್ಟಪಡುತ್ತಿದ್ದ ಒಂದು ಹಳ್ಳಿಯವರಿಗೆ, ಬಾವಿಯನ್ನು ನೀವು ತೋಡಿದರೆ ಕಟ್ಟಡದ ಖರ್ಚು ತನ್ನದು ಎಂದು ಅವರು ಹೇಳಿದರು. ಹಳ್ಳಿಯವರು ಒಪ್ಪಲಿಲ್ಲ. ದುಡಿಮೆ ತಮ್ಮದು, ನೀರು ಕೊಟ್ಟ ಪುಣ್ಯ ಮಾತ್ರ ಜಮೀನ್ದಾರರದ್ದೇ ಎಂಬುದು ಅವರ ತಕರಾರು. ಇನ್ನೊಮ್ಮೆ ಕುಷ್ಟಿಯಾ ಪಟ್ಟಣಕ್ಕೆ ರಸ್ತೆ ಮಾಡಿಸಿ, ಗಾಡಿಚಕ್ರಕ್ಕೆ ಬಿದ್ದ ಹಳ್ಳಗಳನ್ನು ದಾರಿಬದಿಯ ಹಳ್ಳಿಗಳು ಮುಚ್ಚಿಕೊಳ್ಳಲಿ ಎಂದರು. ಪಟ್ಟಣದ ದೊಡ್ಡವರು ಸುಖವಾಗಿ ಓಡಾಡಲು ನಾವೇಕೆ ಮೈಮುರಿಯಬೇಕು ಎಂದು ಹಳ್ಳಿಯವರು ಕೇಳಿದರು. ಈ ಎರಡು ಪ್ರಸಂಗಗಳನ್ನು ರವೀಂದ್ರರು ಇಳಿವಯಸ್ಸಿನಲ್ಲೂ ನೆನೆಯುತ್ತಿದ್ದರು. ಹಳ್ಳಿಯವರನ್ನು ಅವರು ದಡ್ಡರೆಂದು ತಳ್ಳಿಹಾಕಲಿಲ್ಲ. ಮೇಲಿನಿಂದ ಬಂದ ಉಪಕಾರವನ್ನು ಊರು ಏಕೆ ಅನುಮಾನಿಸುತ್ತದೆ ಎಂದು ಯೋಚಿಸಿದರು.

ರೈತರು ಸಾಹುಕಾರರ ಬಡ್ಡಿಯಲ್ಲಿ ಮುಳುಗಿದ್ದನ್ನು ಕಂಡು 1905ರಲ್ಲಿ ಪತಿಸರದಲ್ಲಿ ಕೃಷಿ ಬ್ಯಾಂಕು ತೆರೆದರು. ಮುಂದೆ 1913ರ ನೊಬೆಲ್ ಪುರಸ್ಕಾರದ ಹಣವನ್ನು ಅದರಲ್ಲೇ ತೊಡಗಿಸಿದರು. ಸಾಲ ರೈತನಿಗೆ, ಬಡ್ಡಿ ಶಾಂತಿನಿಕೇತನದ ಶಾಲೆಗೆ ಎಂಬುದು ಏರ್ಪಾಡು. 1906ರಲ್ಲಿ ಮಗ ರಥೀಂದ್ರನಾಥನನ್ನೂ ಗೆಳೆಯರ ಮಗ ಸಂತೋಷಚಂದ್ರ ಮಜುಂದಾರನನ್ನೂ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಆ ಕಾಲದ ಸಿರಿವಂತರ ಮಕ್ಕಳು ಬ್ಯಾರಿಸ್ಟರಾಗಲು ಸಮುದ್ರ ದಾಟುತ್ತಿದ್ದರು. ಇವರು ದಾಟಿದ್ದು ಬೇಸಾಯ ಕಲಿಯಲು.

ಶಾಂತಿನಿಕೇತನದ ಶಾಲೆ 1901ರಲ್ಲಿ ಐದು ಮಕ್ಕಳಿಂದ ಆರಂಭವಾಗಿತ್ತು. ಅದು ಬೆಳೆದು 1921ರ ಡಿಸೆಂಬರ್ 23ರಂದು ವಿಶ್ವಭಾರತಿಯಾಗಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಆ ಸಮಾರಂಭದ ಅಧ್ಯಕ್ಷತೆ ವಹಿಸಿದವರು ಬ್ರಜೇಂದ್ರನಾಥ ಶೀಲರು. 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರೂ ಅವರೇ. ಜಗತ್ತಿನ ವಿದ್ವಾಂಸರು ಬಂದು ಕಲೆಯುವ ನೆಲೆ ಎಂಬುದು ವಿಶ್ವಭಾರತಿಯ ಕಲ್ಪನೆ. ಆದರೆ ಎರಡು ಮೈಲಿ ದೂರದ ಸುರುಲ್ ಗ್ರಾಮದಲ್ಲಿ ಮಲೇರಿಯಾದಿಂದ ಜನ ನರಳುತ್ತಿದ್ದರು, ಹೊಲಗಳು ಬರಡಾಗುತ್ತಿದ್ದವು. ಜಗತ್ತನ್ನು ಕರೆದು ನೆರೆಮನೆಯನ್ನು ಮರೆತರೆ ಅದು ವಿಶ್ವವಿದ್ಯಾಲಯವಾದೀತೆ? ಈ ಪ್ರಶ್ನೆಗೆ ರವೀಂದ್ರರು ಕೊಟ್ಟ ಉತ್ತರವೇ ಶ್ರೀನಿಕೇತನ.

ಸುರುಲ್‌ನಲ್ಲಿ ಅವರು 1912ರಲ್ಲೇ ಒಂದು ಹಳೆಯ ಮನೆಯನ್ನೂ ಜಾಗವನ್ನೂ ಕೊಂಡಿದ್ದರು. ಕಾರ್ನೆಲ್‌ನಲ್ಲಿ ಕೃಷಿ ಓದಿದ ಇಂಗ್ಲಿಷ್ ತರುಣ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಅವರ ನೇತೃತ್ವದಲ್ಲಿ, ಬೆರಳೆಣಿಕೆಯ ವಿದ್ಯಾರ್ಥಿಗಳೊಂದಿಗೆ, 1922ರ ಫೆಬ್ರವರಿ 6ರಂದು ಅಲ್ಲಿ ಕೆಲಸ ಆರಂಭವಾಯಿತು. ಹಳ್ಳಿಗೆ ಶುಚಿತ್ವ ಬೋಧಿಸುವ ಮೊದಲು ಆ ವಿದ್ಯಾರ್ಥಿಗಳು ತಮ್ಮ ಪಾಯಿಖಾನೆಯನ್ನು ತಾವೇ ಶುಚಿ ಮಾಡಿ, ಆ ಮಲವನ್ನು ಗೊಬ್ಬರವಾಗಿಸಬೇಕಿತ್ತು. ಮೇಲ್ಜಾತಿಯ ಮನೆಗಳಿಂದ ಬಂದವರಿಗೆ ಇದೇ ಮೊದಲ ಪಾಠ. ಊರಿನ ಕಷ್ಟಗಳಿಗೆ ಎಲ್ಮ್‌ಹರ್ಸ್ಟ್ ಗುರುತಿಸಿದ ಕಾರಣಗಳು ಮೂರು: ಬೆಳೆ ಹಾಳುಮಾಡುವ ಕೋತಿಗಳು, ಮಲೇರಿಯಾ, ಜನರ ನಡುವಿನ ಪರಸ್ಪರ ಅಪನಂಬಿಕೆ. ಮೂರನೆಯದಕ್ಕೆ ಯಾವ ಅಂಗಡಿಯಲ್ಲೂ ಔಷಧಿ ಸಿಗುವುದಿಲ್ಲ.

ಆ ಅಪನಂಬಿಕೆ ಕರಗಿಸಲು ಶ್ರೀನಿಕೇತನ ಹಿಡಿದ ದಾರಿ ನಿಧಾನದ್ದು. ಕಾಳಿಮೋಹನ ಘೋಷರಂಥ ಕಾರ್ಯಕರ್ತರು ಮನೆಮನೆಗೆ ಹೋಗಿ ಹಳ್ಳಿಯ ಸ್ಥಿತಿಗತಿಯನ್ನು ಸಮೀಕ್ಷೆ ಮಾಡಿದರು. ಊರ ಹುಡುಗರ ತಂಡಗಳನ್ನು ಬ್ರತೀ ಬಾಲಕರು ಎಂಬ ಹೆಸರಿನಲ್ಲಿ ಕಟ್ಟಿದರು. ಬೆಂಕಿ ಬಿದ್ದರೆ ಆರಿಸುವುದು, ಸೊಳ್ಳೆ ಹುಟ್ಟುವ ಹೊಂಡ ಮುಚ್ಚುವುದು, ಗಿಡ ನೆಡುವುದು ಆ ಮಕ್ಕಳ ಕೆಲಸ. ಆರೋಗ್ಯ ಸಹಕಾರ ಸಂಘಗಳಲ್ಲಿ ಹಳ್ಳಿಯವರೇ ಚಂದಾ ಕೊಟ್ಟು ಸದಸ್ಯರಾದರು. ಬಾವಿಯ ವಿಷಯದಲ್ಲಿ ಜಮೀನ್ದಾರ ರವೀಂದ್ರರಿಗೆ ಸಾಧ್ಯವಾಗದ್ದು ಇಲ್ಲಿ ಸ್ವಲ್ಪಮಟ್ಟಿಗೆ ಸಾಧ್ಯವಾಯಿತು, ಏಕೆಂದರೆ ಕೆಲಸದ ಜೊತೆಗೆ ಯಜಮಾನಿಕೆಯಲ್ಲೂ ಊರಿಗೆ ಪಾಲು ಇತ್ತು.

ಹಳ್ಳಿಯ ಮಕ್ಕಳಿಗಾಗಿಯೇ 1924ರಲ್ಲಿ ಶಿಕ್ಷಾಸತ್ರ ಎಂಬ ಶಾಲೆ ಆರಂಭವಾಯಿತು. 1927ರಲ್ಲಿ ಅದು ಶ್ರೀನಿಕೇತನಕ್ಕೆ ಬಂತು. ತೋಟ, ಮಗ್ಗ, ಅಡುಗೆಮನೆ ಅಲ್ಲಿ ಪಠ್ಯದ ಭಾಗವಾಗಿದ್ದವು. 1928ರಲ್ಲಿ ಹಲಕರ್ಷಣ ಎಂಬ ಉಳುಮೆಯ ಉತ್ಸವವನ್ನು ಏರ್ಪಡಿಸಿ, ಅರವತ್ತೇಳು ವರ್ಷದ ಕವಿ ತಾವೇ ನೇಗಿಲು ಹಿಡಿದರು. ನಂದಲಾಲ್ ಬೋಸರು ಅದನ್ನು ಶ್ರೀನಿಕೇತನದ ಗೋಡೆಯ ಮೇಲೆ ಚಿತ್ರಿಸಿದರು. ಶಾಂತಿನಿಕೇತನದ ಪೌಷ ಮೇಳಕ್ಕೆ ಸುತ್ತಲಿನ ಕುಶಲಕರ್ಮಿಗಳೂ ಬಾವುಲ್ ಗಾಯಕರೂ ಬರುತ್ತಿದ್ದರು. ಹೀಗೆ ಹಳ್ಳಿಯವರು ಕಲಿಯಲು ಮಾತ್ರವಲ್ಲದೆ ತಮಗೆ ಗೊತ್ತಿದ್ದುದನ್ನು ತೋರಿಸಲೂ ವಿಶ್ವಭಾರತಿಯ ಅಂಗಳಕ್ಕೆ ಬಂದರು.

ಎಲ್ಲವೂ ಕೈಗೂಡಿತೆಂದು ಹೇಳಿದರೆ ಅದು ಜೀವನಚರಿತ್ರೆಯಾಗದೆ ಸ್ತುತಿಯಾದೀತು. ಎಲ್ಮ್‌ಹರ್ಸ್ಟ್ 1924ರಲ್ಲಿ ಹೊರಟರು. ಹಣದ ಬಹುಭಾಗ ಅಮೆರಿಕದ ಡೊರೊಥಿ ಸ್ಟ್ರೈಟ್ ಅವರಿಂದ ಬರುತ್ತಿತ್ತು. ಶಾಂತಿನಿಕೇತನದ ಶಾಲೆ ಪರೀಕ್ಷೆಯ ಕಡೆ ವಾಲಿತು, ಶಿಕ್ಷಾಸತ್ರ ಬಡವರ ಶಾಲೆಯಾಗಿ ಉಳಿಯಿತು. ಎರಡರ ನಡುವಿನ ಎರಡು ಮೈಲಿ ಪೂರ್ತಿ ಅಳಿಯಲಿಲ್ಲ, ಮತ್ತು ಆ ಕೊರಗು ರವೀಂದ್ರರಿಗಿತ್ತು. ಆದರೂ ಇಡೀ ದೇಶವನ್ನು ಉದ್ಧರಿಸುವ ಮಾತು ಬಿಟ್ಟು, ಒಂದೆರಡು ಹಳ್ಳಿಗಳಾದರೂ ತಮ್ಮ ಕಾಲ ಮೇಲೆ ನಿಂತರೆ ಸಾಕೆಂದು ಅವರು ಕೊನೆಯವರೆಗೂ ನಂಬಿದ್ದರು. 1941ರ ಆಗಸ್ಟ್ 7ರಂದು ಅವರು ತೀರಿಕೊಂಡರು. 1951ರಲ್ಲಿ ವಿಶ್ವಭಾರತಿ ಕೇಂದ್ರೀಯ ವಿಶ್ವವಿದ್ಯಾಲಯವಾದಾಗ ಶ್ರೀನಿಕೇತನವೂ ಅದರ ಅಂಗವಾಗಿತ್ತು.

ಈ ಜೀವನ ನಮ್ಮ ಬೋಧನಾಭ್ಯಾಸಕ್ಕೆ ಏಕೆ ಸಂಬಂಧಿಸಿದ್ದು? ಪ್ರಶಿಕ್ಷಣಾರ್ಥಿಗಳಿಗೆ ತರಗತಿ ಬಿಟ್ಟುಕೊಡಲು ಕೆಲವು ಶಾಲೆಗಳು ಹಿಂದೇಟು ಹಾಕುವುದನ್ನು ನಾನು ಹಲವು ವರ್ಷಗಳಿಂದ ಕಂಡಿದ್ದೇನೆ. ಅವರ ದೂರಿನಲ್ಲಿ ಹುರುಳಿದೆ. ಬಂದವರು ತಮ್ಮ ಪಾಠಗಳ ಸಂಖ್ಯೆ ಮುಗಿಸಿ ಹೊರಡುತ್ತಾರೆ. ಅದೇ ಘಟಕವನ್ನು ಶಾಲೆಯ ಶಿಕ್ಷಕರು ಮತ್ತೆ ಬೋಧಿಸಬೇಕಾಗುತ್ತದೆ. ಚಂದದ ಚಾರ್ಟು, ಮಾದರಿಗಳು ಆಂತರಿಕ ಅಂಕಗಳಿಗಾಗಿ ಕಾಲೇಜಿಗೆ ವಾಪಸು ಹೋಗುತ್ತವೆ. ಇದೂ ಶಿಲಾಯಿದಹದ ಬಾವಿಯ ಲೆಕ್ಕವೇ: ದುಡಿಮೆ ಶಾಲೆಯದು, ಫಲ ಕಾಲೇಜಿನದು.

ಆದ್ದರಿಂದ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ ಇದು. ಪಾಠ ಯೋಜನೆ ಬರೆಯುವ ಮೊದಲೇ ಶಾಲೆಯ ಶಿಕ್ಷಕರನ್ನು ಕಂಡು, ಯಾವ ಘಟಕದಲ್ಲಿ, ಯಾವ ಮಕ್ಕಳಿಗೆ ನೆರವು ಬೇಕಿದೆ ಎಂದು ಕೇಳಿ. ಮಕ್ಕಳು ಬರುವ ಓಣಿಗಳಲ್ಲಿ ಒಮ್ಮೆಯಾದರೂ ನಡೆದು ಬನ್ನಿ. ಊರಿನ ನೇಕಾರರನ್ನೋ ರೈತರನ್ನೋ ಒಂದು ಪಾಠಕ್ಕೆ ಕರೆಯಿರಿ. ಮೌಲ್ಯಮಾಪನ ಮುಗಿದೊಡನೆ ಪಾಠೋಪಕರಣಗಳನ್ನು ಶಾಲೆಗೇ ಮರಳಿಸಿ. ನನ್ನ ಸಹೋದ್ಯೋಗಿಗಳಲ್ಲೂ ಒಂದು ಕೋರಿಕೆಯಿದೆ: ವರ್ಷಕ್ಕೊಂದು ಹೊಸ ಶಾಲೆಯನ್ನು ಹುಡುಕುವ ಬದಲು ಕೆಲವೇ ಶಾಲೆಗಳೊಡನೆ ಐದಾರು ವರ್ಷ ಬಿಡದೆ ಇರೋಣ. ನಮ್ಮ ತಂಡ ಬಂದದ್ದರಿಂದ ತಮಗೇನಾಯಿತು ಎಂದು ಆ ಶಾಲೆಗಳಿಂದಲೇ ವರ್ಷಕ್ಕೊಮ್ಮೆ ಬರೆಸಿಕೊಂಡು, ಆ ಬರಹವನ್ನು ಪ್ರಶಿಕ್ಷಣಾರ್ಥಿಗಳ ಮುಂದೆ ಓದೋಣ.