ಪ್ಲೇಗಿನ ರೋಗಾಣುವಿಗೆ ಹೆಸರಾದ ಡಾ. ಯೆರ್ಸಿನ್

ಪ್ಲೇಗಿನ ರೋಗಾಣು ಪತ್ತೆಯಾದ ಐವತ್ತು ವರ್ಷಗಳೊಳಗೆ ಹಲವು ಹೆಸರುಗಳನ್ನು ಹೊತ್ತಿತು. ಕೊನೆಗೆ ನೆಲೆನಿಂತದ್ದು ಅದನ್ನು ಕಂಡುಹಿಡಿದ ಡಾ. ಅಲೆಗ್ಸಾಂದ್ರ್ ಯೆರ್ಸಿನ್ ಅವರ ಹೆಸರು. ಆದರೆ ಅದನ್ನು ಕಾಣಲು ಅವರು ಬದುಕಿರಲಿಲ್ಲ.

ಯೆರ್ಸಿನ್ 1863ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದರು. ಅವರು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಎಮಿಲ್ ರೂ ಅವರ ಜತೆ ಡಿಫ್ತೀರಿಯಾ ರೋಗದ ವಿಷವನ್ನು ಕುರಿತು ಸಂಶೋಧನೆ ನಡೆಸಿ ಕೀರ್ತಿ ಗಳಿಸಿದರು. ಆದರೂ ಪ್ರಯೋಗಶಾಲೆಯಲ್ಲಿ ಕುಳಿತಿರಲು ಮನಸ್ಸೊಪ್ಪದೆ 1890ರಲ್ಲಿ ಹಡಗಿನ ವೈದ್ಯರಾಗಿ ಇಂಡೋಚೀನಕ್ಕೆ ತೆರಳಿದರು.

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಹಬ್ಬಿತು. ಜಪಾನಿನ ಕಿಟಸಾಟೊ ಅವರಿಗೆ ಆಸ್ಪತ್ರೆಯ ಸಕಲ ಸೌಕರ್ಯ ದೊರೆತಿತ್ತು. ಯೆರ್ಸಿನ್‌ರಿಗೆ ಶವಪರೀಕ್ಷೆಗೂ ಅವಕಾಶವಿರಲಿಲ್ಲ. ಅವರು ಹುಲ್ಲಿನ ಗುಡಿಸಲೊಂದನ್ನು ಕಟ್ಟಿಸಿ, ಶವ ಸಾಗಿಸುವ ನಾವಿಕರ ಕೈಗೆ ಹಣವಿತ್ತು, ಸತ್ತವರ ಗಡ್ಡೆಯ ಕೀವನ್ನು ಪಡೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ರೋಗಾಣು ಸಿಕ್ಕಿತು. 1897ರಲ್ಲಿ ಅವರು ಪ್ಲೇಗು ಪೀಡಿತ ಮುಂಬಯಿಗೂ ಬಂದು ತಮ್ಮ ಸೀರಂ ಪ್ರಯೋಗಿಸಿದರು. ನಿರೀಕ್ಷಿಸಿದ ಫಲ ದೊರೆಯಲಿಲ್ಲ.

ಇತ್ತ ರೋಗಾಣುವಿಗೆ 1896ರಲ್ಲಿ ಬ್ಯಾಕ್ಟೀರಿಯಂ ಪೆಸ್ಟಿಸ್ ಎಂಬ ಹೆಸರು ಬಂತು. ಆಕಾರ ಮತ್ತು ಬಣ್ಣ ಹೀರುವ ರೀತಿ ಇವೇ ಆಗಿನ ಮುಖ್ಯ ಗುರುತುಗಳು. ಮುಂದೆ 1923ರಲ್ಲಿ ಪಾಶ್ಚರರ ಹೆಸರಿನ ಕುಲಕ್ಕೆ ಸೇರಿ ಅದು ಪಾಶ್ಚುರೆಲ್ಲಾ ಪೆಸ್ಟಿಸ್ ಆಯಿತು. ಆದರೆ ರಾಸಾಯನಿಕ ಪರೀಕ್ಷೆಗಳಲ್ಲಿ ಅದು ಆ ಕುಲಕ್ಕಿಂತ ಕರುಳಿನ ಬ್ಯಾಕ್ಟೀರಿಯಾಗಳ ಬಳಗಕ್ಕೆ ಹತ್ತಿರವೆಂದು ಕಂಡುಬಂತು. 1944ರಲ್ಲಿ ಡಚ್ ವಿಜ್ಞಾನಿ ವಾನ್ ಲೋಘೆಮ್ ಪ್ರತ್ಯೇಕ ಕುಲವೊಂದನ್ನು ಸೂಚಿಸಿ ಯೆರ್ಸಿನಿಯಾ ಎಂದು ಹೆಸರಿಟ್ಟರು. ಯೆರ್ಸಿನ್ ಅದರ ಹಿಂದಿನ ವರ್ಷವಷ್ಟೇ ಕಣ್ಮುಚ್ಚಿದ್ದರು.

ಕತೆ ಅಲ್ಲಿಗೇ ಮುಗಿಯಲಿಲ್ಲ. 1980ರಲ್ಲಿ ಡಿ.ಎನ್.ಎ. ಹೋಲಿಕೆ ನಡೆಸಿದಾಗ ಪ್ಲೇಗಿನ ರೋಗಾಣುವೂ, ಸಾಮಾನ್ಯವಾಗಿ ಜ್ವರ ಹೊಟ್ಟೆನೋವುಗಳನ್ನಷ್ಟೇ ತರುವ ಯೆರ್ಸಿನಿಯಾ ಸ್ಯೂಡೋಟ್ಯುಬರ್ಕ್ಯುಲೋಸಿಸ್ ಎಂಬುದೂ ಒಂದೇ ಪ್ರಭೇದವೆಂದು ತೋರಿತು. ಹಳೆಯ ಹೆಸರಿಗೇ ಮೊದಲ ಹಕ್ಕು ಎಂಬುದು ನಿಯಮ. ಎರಡನೆಯದರ ಹೆಸರು 1889ರದು. ಆದ್ದರಿಂದ ಪ್ಲೇಗಿನ ರೋಗಾಣುವನ್ನು ಅದರ ಉಪಪ್ರಭೇದವೆಂದು ಕರೆಯುವ ಸಲಹೆ ಬಂತು. ಆದರೆ ವೈದ್ಯರು ಒಂದನ್ನು ಇನ್ನೊಂದೆಂದು ಭ್ರಮಿಸಿದರೆ ಜೀವಹಾನಿಯಾದೀತು. ಆದುದರಿಂದ ಬ್ಯಾಕ್ಟೀರಿಯಾ ನಾಮಕರಣದ ಅಂತಾರಾಷ್ಟ್ರೀಯ ನ್ಯಾಯ ಆಯೋಗವು 1985ರಲ್ಲಿ ಆ ಹೆಸರನ್ನು ತಳ್ಳಿಹಾಕಿತು. ಯೆರ್ಸಿನಿಯಾ ಪೆಸ್ಟಿಸ್ ಉಳಿಯಿತು. ಶಾಸ್ತ್ರದ ಲೆಕ್ಕಕ್ಕಿಂತ ರೋಗಿಯ ಪ್ರಾಣ ದೊಡ್ಡದೆಂಬುದು ಅಲ್ಲಿ ಸಿದ್ಧವಾಯಿತು.

ಯೆರ್ಸಿನ್ ಮಾತ್ರ ಹೆಸರಿನ ಹಿಂದೆ ಬಿದ್ದವರಲ್ಲ. ವಿಯೆಟ್ನಾಮಿನ ಞಾ ಟ್ರಾಂಗ್ ಎಂಬ ಕಡಲತೀರದ ಊರಿನಲ್ಲಿ ನೆಲೆಸಿ, ಸೀರಂ ತಯಾರಿಸುತ್ತ, ರಬ್ಬರ್ ಮತ್ತು ಸಿಂಕೋನಾ ಗಿಡಗಳನ್ನು ಬೆಳೆಸುತ್ತ, ಬೆಸ್ತರಿಗೆ ನೆರವಾಗುತ್ತ, ಅವಿವಾಹಿತರಾಗಿಯೇ ಜೀವನ ಸವೆಸಿ 1943ರಲ್ಲಿ ನಿಧನರಾದರು. ಸಮವಸ್ತ್ರದ ಮೇಲಿನ ಐದು ಪಟ್ಟಿಗಳನ್ನು ಕಂಡು ಊರವರು ಅವರನ್ನು ಐದನೆಯ ಯಜಮಾನರು ಎಂದು ಕರೆಯುತ್ತಿದ್ದರು. ಅವರ ಸಮಾಧಿಗೆ ಜನ ಇಂದಿಗೂ ಹೂವು, ಧೂಪ ಅರ್ಪಿಸುತ್ತಾರೆ.